ಏನಾಗಬೇಕು

ಆಸ್ಪತ್ರೆಯ ಕೌಂಟರಿನ ಹುಡುಗಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಂದವರನ್ನೆಲ್ಲ ಅದನ್ನೇ ಕೇಳುವವಳು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ್ದಳು: "ರಿಪೋರ್ಟ್ ಸಂಜೆ ಸಿಗತ್ತೆ. ತಗೊಳ್ಳೋಕೆ ನೀವು ಬರ್ತೀರಾ? ಇವರು ನಿಮಗೇನಾಗಬೇಕು?" ಕೌಂಟರಿನ ಈಚೆ ನಿಂತವಳು ಬಾಯಿ ತೆರೆದಳು. ಅತ್ತೆ ಎಂಬುದು ಎರಡಕ್ಷರದ ಪದ, ಮಕ್ಕಳೂ ತಡವರಿಸದೆ ಹೇಳುವಂಥದ್ದು. ಅದು ಬರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದವನು ಗಂಟಲು ಸರಿಮಾಡಿಕೊಂಡ; ಹುಡುಗಿಯ ಬೆರಳುಗಳು ಕೀಲಿಮಣೆಯ ಮೇಲೆ ಕಾದವು. ಆಗ, ಸೂಜಿ ಚುಚ್ಚಿದ ಕಡೆ ಹತ್ತಿಯುಂಡೆ ಒತ್ತಿಕೊಂಡು ಪಕ್ಕದಲ್ಲಿ ನಿಂತಿದ್ದ ಅತ್ತೆಯೇ ಹೇಳಿದರು, "ನನ್ನ ಜೊತೇಲಿ ಬಂದಿದಾಳೆ." ಹುಡುಗಿ ಏನೋ ಒತ್ತಿದಳು, ಮುಗಿಯಿತು. ಬಸ್ ನಿಲ್ದಾಣದಲ್ಲಿ ಅತ್ತೆ ಮನೆ ಕಡೆಯ ಬಸ್ಸು ಹತ್ತಿ ಕಿಟಕಿಯಿಂದ ಕೈ ಆಡಿಸಿದರು. ಅದು ಬೀಳ್ಕೊಡುವುದೋ, ಹತ್ತಿಯುಂಡೆ ಬಿಸಾಡುವುದೋ ಗೊತ್ತಾಗಲಿಲ್ಲ.

ಕೆಲಸದ ಕಟ್ಟಡದ ಮೆಟ್ಟಿಲು ಹತ್ತುವಾಗ ಅವಳಿಗೆ ಹೊಳೆಯಿತು, ಗಂಡ ಹೋದ ಮೇಲೆ ಆ ಪದವನ್ನು ತಾನು ಒಮ್ಮೆಯೂ ಆಡಿಲ್ಲ. ಬೇಕೆಂದು ಬಿಟ್ಟದ್ದಲ್ಲ. "ಟೀ ಇಟ್ಟಿದೀನಿ." "ನೀರು ಕಾದಿದೆ." "ಮಾತ್ರೆ ಆಯ್ತಾ?" ಯಾರನ್ನೂ ಕರೆಯದೆ ಇಡೀ ದಿನ ಮಾತಾಡಿ ಮುಗಿಸಬಹುದು, ಭಾಷೆ ಅಷ್ಟು ಅನುಕೂಲ ಮಾಡಿಕೊಟ್ಟಿದೆ. ಅತ್ತೆಯೂ ಮೊದಲಿನ ಹಾಗೆ "ಏ ಹುಡುಗಿ" ಎನ್ನುವುದನ್ನು ಬಿಟ್ಟಿದ್ದರು. ಈಗ ಮಾತೆಲ್ಲ "ನೋಡು" ಎಂದು ಶುರುವಾಗುತ್ತಿತ್ತು, ನೋಡುವುದಕ್ಕೆ ಏನೂ ಇಲ್ಲದಿದ್ದರೂ. ಅವನಿದ್ದಾಗ ಹೀಗಿರಲಿಲ್ಲ. ತಾಯಿಯ ಮೇಲೆ ಸಿಟ್ಟು ಬಂದರೆ ಅವನು "ನಿನ್ನತ್ತೆಗೆ ಹೇಳು, ನನ್ನ ಕನ್ನಡಕದ ಮೇಲೆ ಕೂತ್ಕೋಬೇಡಿ ಅಂತ" ಎನ್ನುತ್ತಿದ್ದ. ಸಿಟ್ಟಿಳಿದರೆ "ನಮ್ಮಮ್ಮನ ಥರ ಯಾರಿದಾರೆ" ಎನ್ನುತ್ತಿದ್ದ. ಒಂದೇ ಹೆಂಗಸು ದಿನಕ್ಕೆ ಎಷ್ಟೋ ಸಲ ಅವನ ಪಾಲಿನಿಂದ ಇವಳ ಪಾಲಿಗೆ, ಇವಳ ಪಾಲಿನಿಂದ ಅವನ ಪಾಲಿಗೆ ದಾಟುತ್ತಿದ್ದರು. "ನಾನೇನು ಹಾಲಿನ ಪಾತ್ರೆನಾ, ಆ ಕಡೆ ಈ ಕಡೆ ಸರಿಸ್ತಾ ಇರೋಕೆ?" ಎಂದು ಒಳಗಿನಿಂದ ಕೂಗುತ್ತಿದ್ದರು. ಈಗ ಸರಿಸುವವನಿಲ್ಲ. ಕೊನೆಯ ಸಲ ಯಾರ ಕಡೆ ಸರಿಸಿದ್ದ ಎಂದು ಅವಳು ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಅಷ್ಟರಲ್ಲಿ ಮೆಟ್ಟಿಲು ಮುಗಿದಿತ್ತು.

ಅದು ಕೇಳುವ ಪುಸ್ತಕಗಳ ಗ್ರಂಥಾಲಯ. ಕಣ್ಣು ಕಾಣದವರಿಗಾಗಿ ಕಣ್ಣು ಕಾಣುವವರು ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಜಾಗ: ಎರಡು ಕೋಣೆ, ಗೋಡೆಗೆ ಸ್ಪಂಜು ಹೊಡೆದ ಒಂದು ಗೂಡು, ಸದಾ ಬಿಸಿಯಿರುವ ಒಂದು ಕಂಪ್ಯೂಟರು. ಕೇಳುಗರ ಮನೆಗಳಲ್ಲಿ ಒಂದೊಂದು ಪುಟ್ಟ ಯಂತ್ರವಿರುತ್ತದೆ. ಗುಂಡಿ ಒತ್ತಿದರೆ ಅವರ ಹೆಸರು ಹಿಡಿದು ನಮಸ್ಕಾರ ಹೇಳಿ, ನಿಲ್ಲಿಸಿದ ಕಡೆಯಿಂದ ಪುಸ್ತಕ ಮುಂದುವರಿಸುತ್ತದೆ. ಇವನ್ನೆಲ್ಲ ನಡೆಸುವ ಡೇಟಾಬೇಸನ್ನು ಕಟ್ಟಿದವಳು ಅವಳೇ. ಬಾಗಿಲಲ್ಲೇ ಗ್ರಂಥಪಾಲಕರು ಫೋನನ್ನು ಎದೆಗೊತ್ತಿಕೊಂಡು ನಿಂತಿದ್ದರು. ಮಾತಿಗೊಂದು ತಮಾಷೆ ಸೇರಿಸುವ ಮನುಷ್ಯ, ಇತ್ತೀಚೆಗೆ ಅವಳ ಮುಂದೆ ಮಾತ್ರ ಪದಗಳನ್ನು ಆರಿಸಿ ಆರಿಸಿ ಆಡುತ್ತಿದ್ದರು. ಮೊನ್ನೆ ಗಡಿಯಾರ ನಿಂತಾಗ "ಬ್ಯಾಟರಿ ಸತ್..." ಎಂದವರು ನಾಲಿಗೆ ಕಚ್ಚಿ "ವಿಶ್ರಾಂತಿ ತಗೊಂಡಿದೆ" ಎಂದಿದ್ದರು. "ಗಣಿತದ ಮೇಡಂ," ಎಂದು ಪಿಸುಗುಟ್ಟಿ ಫೋನು ಚಾಚಿದರು. "ನೀನೇ ಮಾತಾಡಮ್ಮಾ. ನನಗೆ ಧೈರ್ಯ ಇಲ್ಲ."

"ಯಾರು, ಕಂಪ್ಯೂಟರ್ ಹುಡುಗಿನಾ?" ಗಣಿತದ ಮೇಡಂ ನಿವೃತ್ತಿಯಾಗಿ ವರ್ಷಗಳಾದರೂ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಂತೆಯೇ ಮಾತಾಡುತ್ತಿದ್ದರು. "ನನ್ನ ಡಬ್ಬ ನನ್ನ ಗುರುತೇ ಹಿಡೀತಿಲ್ಲ ಕಣಮ್ಮಾ. 'ಇಂಥವರು ಯಾರೂ ಇಲ್ಲ' ಅಂತಿದೆ. ಹೋಗ್ಲಿ, ಕನ್ನಡೀಲಾದ್ರೂ ನೋಡ್ಕೊಳ್ಳೋಣ ಅಂದ್ರೆ ಅದೂ ಮಸುಕು. ನಾನು ಇದೀನೋ ಇಲ್ವೋ, ನೀನೇ ಲೆಕ್ಕ ಮಾಡಿ ಹೇಳು."

"ಇದೀರಾ ಮೇಡಂ."

"ಹಾಗಾದ್ರೆ ಸರಿ. ಇನ್ನೊಂದು ವಿಷಯ. ನನ್ನ ರೇಖಾಗಣಿತ ಕೇಳ್ಕೊಂಡು ಓದ್ತಾಳಲ್ಲ ಆ ಹುಡುಗಿ, ಅವಳೂ ಫೋನ್ ಮಾಡಿದ್ಲು. ನನ್ನ ಪುಸ್ತಕ ಒಂದೂ ಇಲ್ವಂತೆ. ಮುಂದಿನ ವಾರ ಅವಳಿಗೆ ಪರೀಕ್ಷೆ. ನಾನಿಲ್ಲದೆ ಇದ್ರೂ ನಡೆಯತ್ತೆ, ತ್ರಿಕೋನ ಇಲ್ಲದೆ ಅವಳಿಗೆ ನಡೆಯಲ್ಲ."

ಅವಳು ಕುಳಿತು ಹುಡುಕಿದಳು. ಮೇಡಂ ಹೆಸರು ಕೊಟ್ಟರೆ ಪರದೆ ಖಾಲಿ. ಓದುವವರ ಪಟ್ಟಿಯಲ್ಲಿಲ್ಲ, ಕೇಳುವವರಲ್ಲಿಲ್ಲ, ಅವರು ವರ್ಷಗಟ್ಟಲೆ ಆ ಸ್ಪಂಜಿನ ಗೂಡಿನಲ್ಲಿ ಬೆವರುತ್ತ ಓದಿದ ಗಣಿತ ಒಂದೂ ಇಲ್ಲ. ಗಣಿತವನ್ನು ಗಟ್ಟಿಯಾಗಿ ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಬೇರೆಯವರು ಚಿತ್ರ ಬಂದಲ್ಲಿ "ಇಲ್ಲೊಂದು ಚಿತ್ರವಿದೆ" ಎಂದು ಮುಂದೆ ಹೋಗುತ್ತಿದ್ದರು. ಮೇಡಂ ಮಾತ್ರ ನಿಲ್ಲಿಸಿ, ಕೇಳುವವರ ಕೈಯಲ್ಲೇ ಆ ಚಿತ್ರ ಬರೆಸುತ್ತಿದ್ದರು. ಎದೆಯಲ್ಲಿ ಏನೋ ಜಾರಿದಂತಾಯಿತು, ಆದರೆ ದೂರದಲ್ಲಿ, ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಹಾಗೆ. ಈ ತಿಂಗಳುಗಳಲ್ಲಿ ಎಲ್ಲವೂ ಹಾಗೆಯೇ ಕೇಳಿಸುತ್ತಿತ್ತು. ಅವಳ ಕೈ ಮಾತ್ರ ತಾನಾಗಿ ಮಾಡಬೇಕಾದ್ದನ್ನು ಮೊದಲು ಮಾಡಿತು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕಸ ಗುಡಿಸುವ ಪ್ರೋಗ್ರಾಂ ಒಂದು ಓಡುತ್ತದೆ. ಯಾವ ದಾಖಲೆಗೂ ಸೇರದ ಧ್ವನಿ ಫೈಲುಗಳನ್ನು ಹುಡುಕಿ ತೆಗೆದು ಹಾಕುತ್ತದೆ, ಆಮೇಲೆ ಅವು ಯಾರ ಕೈಗೂ ಸಿಗುವುದಿಲ್ಲ. ಅದನ್ನೂ ಬರೆದವಳು ಅವಳೇ. ನಿಲ್ಲಿಸಲು ಹೋದರೆ ಕಂಪ್ಯೂಟರು, ಇದು ಗ್ರಂಥಾಲಯ ಮುಚ್ಚಿದ ಮೇಲೂ ನಿಂತೇ ಇರಬೇಕೆ ಎಂದು ಕೇಳಿತು. ಇರಲಿ ಎಂದಳು. ಫೈಲುಗಳು ಇನ್ನೂ ಡಿಸ್ಕಿನಲ್ಲಿದ್ದವು. ಯಾರದೆಂದು ಹೇಳುವವರಿಲ್ಲದೆ ಸಾಲಾಗಿ ಬಿದ್ದಿದ್ದವು. ನಿನ್ನೆ ಸಂಜೆ ಆ ಕಸ ಗುಡಿಸುವ ಪ್ರೋಗ್ರಾಂ ಓಡಿದಾಗಲೂ ಇವು ಹೇಗೆ ಉಳಿದವು? ಅದು ಒಂದು ದಿನ ಕಾದು ತೆಗೆಯುವಂತೆ ತಾನೇ ಬರೆದದ್ದು ಆಮೇಲೆ ನೆನಪಾಯಿತು. ಒಂದು ದಿನ ಯಾಕೆ ಕೊಟ್ಟಿದ್ದೆ ಎಂಬುದು ನೆನಪಾಗಲಿಲ್ಲ.

"ಸರ್, ನೆನ್ನೆ ಮೇಡಂ ದಾಖಲೆ ಯಾರಾದ್ರೂ ಮುಟ್ಟಿದ್ರಾ?"

ಗ್ರಂಥಪಾಲಕರು ಎದುರಿಗೆ ಬಂದು ಶಾಲೆಯ ಹುಡುಗನ ಹಾಗೆ ನಿಂತರು. "ನಾನೇ. ಮೇಡಂಗೆ ಈಗ ಅಕ್ಷರ ಪೂರ್ತಿ ಕಾಣ್ತಿಲ್ಲ ಅಲ್ವಾ. 'ಓದೋರ ಪಟ್ಟೀಲಿ ನನ್ನ ಹೆಸರು ಯಾಕಯ್ಯಾ, ಸುಳ್ಳು ಲೆಕ್ಕ' ಅಂತ ಅವರೇ ಹೇಳಿದ್ರು. ಅದಕ್ಕೆ ಓದುವವರು ಅನ್ನೋ ಕಡೆಯಿಂದ ಮಾತ್ರ ತೆಗೆದೆ. ಮಾತ್ರ! ಡಿಲೀಟ್ ಒತ್ತಿದಾಗ ಏನೋ ಉದ್ದಕ್ಕೆ ಪಟ್ಟಿ ಬಂತು. ಅದು ಯಾವಾಗ್ಲೂ ಬರತ್ತೆ ಅಂತ ಓದ್ಲಿಲ್ಲ. ಹೌದು ಅಂದುಬಿಟ್ಟೆ." ತಲೆಯ ಮೇಲೆ ಕೈ ಇಟ್ಟುಕೊಂಡರು. "ಬದುಕಿರೋ ಮನುಷ್ಯರನ್ನ ನಾನೇ ಸಾಯ್..." ನಿಲ್ಲಿಸಿ, ಅವಳ ಮುಖ ನೋಡಿ, ಕಿಟಕಿ ನೋಡಿ, ಎಂದಿಗಿಂತ ಕೆಂಪಾದರು.

"ಹೇಳಿ ಸರ್, ಪರವಾಗಿಲ್ಲ," ಎಂದಳು ಅವಳು. "ಸಾಯಿಸಿದ ಹಾಗೆ ಅನ್ನಿ. ಪದ ಏನೂ ಮಾಡಲ್ಲ."

ಅಂದ ಮೇಲೆ, ಬೆಳಿಗ್ಗೆ ಕೌಂಟರಿನ ಮುಂದೆ ಪದ ಏನು ಮಾಡಿತ್ತು ಎಂಬುದು ನೆನಪಾಯಿತು.

ಅವಳು ಕಟ್ಟಿದ್ದು ಹೀಗಿತ್ತು. ಎಲ್ಲಕ್ಕೂ ತಳದಲ್ಲಿ 'ವ್ಯಕ್ತಿ' ಎಂಬ ದಾಖಲೆ: ಹೆಸರು, ವಿಳಾಸ, ಫೋನು. ಅದರಿಂದ ಹುಟ್ಟಿದ ಎರಡು ಬಗೆ, 'ಓದುವವರು' ಮತ್ತು 'ಕೇಳುವವರು'. ಇವು ಹೆಸರು ವಿಳಾಸಗಳನ್ನು ತಾವು ಇಟ್ಟುಕೊಳ್ಳುವುದಿಲ್ಲ, ತಾಯಿ ದಾಖಲೆಯಾದ 'ವ್ಯಕ್ತಿ'ಯಿಂದ ಪಡೆಯುತ್ತವೆ. ಓದುವವರಿಗೆ ಅವರ ಧ್ವನಿಮುದ್ರಣಗಳು ತಗುಲಿಕೊಂಡಿರುತ್ತವೆ, ಕೇಳುವವರಿಗೆ ಅವರ ಯಂತ್ರ. ಇದನ್ನೆಲ್ಲ ಅವಳು ಒಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದಾಗ ಗಂಡ ಹಿಂದಿನಿಂದ ಬಗ್ಗಿ ನೋಡಿ, "ಏನಿದು, ವಂಶವೃಕ್ಷನಾ? ಅಳಿಯ ಎಲ್ಲಿ?" ಎಂದಿದ್ದ. ಅವನ ಗಲ್ಲದ ಸೋಪಿನ ನೊರೆ ಕಾಗದದ ಮೇಲೆ ಬಿದ್ದು, 'ಕೇಳುವವರು' ಎಂಬ ಚೌಕ ಒದ್ದೆಯಾಗಿತ್ತು. ಅವಳು ಬೈದಿದ್ದಳು. ಬೈಯುವುದಕ್ಕೆ ಬೇರೆ ಏನೂ ಇರದಂಥ ದಿನ. ಆವತ್ತು ಎರಡು ಚೌಕ ಬರೆಯುವಾಗ ಅವಳ ಮನಸ್ಸಿನಲ್ಲಿ ಎರಡು ಜಾತಿಯ ಜನರಿದ್ದರು, ಕಣ್ಣಿರುವವರು ಮತ್ತು ಇಲ್ಲದವರು. ಈ ಚೌಕದಿಂದ ಆ ಚೌಕಕ್ಕೆ ಯಾರಾದರೂ ನಡೆದು ಬಂದಾರು ಎಂದು ಹೊಳೆದಿರಲಿಲ್ಲ. ಬಂದವರು ಮೇಡಂ ಒಬ್ಬರೇ: ಓದುತ್ತ ಓದುತ್ತ ಕಣ್ಣು ಮಂಜಾಗಿ, ಒಂದಷ್ಟು ಕಾಲ ಎರಡೂ ಆಗಿದ್ದವರು.

ಡೇಟಾಬೇಸಿನ ಒಂದು ನಕಲು ಪ್ರತಿ ತೆಗೆದು, ಅದರಲ್ಲಿ ಅವಳು ಒಬ್ಬ ಸುಳ್ಳು ವ್ಯಕ್ತಿಯನ್ನು ಹುಟ್ಟಿಸಿದಳು. ಅವರನ್ನು ಓದುವವರನ್ನಾಗಿಯೂ ಕೇಳುವವರನ್ನಾಗಿಯೂ ಮಾಡಿ, ಒಂದೆರಡು ಧ್ವನಿಮುದ್ರಣ ತಗುಲಿಸಿ, ಗ್ರಂಥಪಾಲಕರು ಮಾಡಿದಂತೆಯೇ ಓದುವವರು ಎಂಬ ಕಡೆಯಿಂದ ಮಾತ್ರ ಅಳಿಸಿದಳು. ಉದ್ದನೆಯ ಪಟ್ಟಿ ಬಂತು. ಈ ಸಲ ಓದಿದಳು. 'ಓದುವವರು' ಎಂಬ ಮಗುವನ್ನು ಅಳಿಸಿದರೆ ಅದು 'ವ್ಯಕ್ತಿ' ಎಂಬ ತಾಯಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು. ತಾಯಿ ಹೋದ ಮೇಲೆ ಅವಳ ಇನ್ನೊಂದು ಮಗುವಿಗೆ ನಿಲ್ಲಲು ನೆಲವಿಲ್ಲ, ಅದೂ ಹೋಗುತ್ತಿತ್ತು. ಅವುಗಳಿಗೆ ತಗುಲಿದ್ದೆಲ್ಲ ಒಂದರ ಹಿಂದೆ ಒಂದು. ಮನುಷ್ಯ ಮಾಡುತ್ತಿದ್ದ ಒಂದು ಕೆಲಸವನ್ನು ತೆಗೆದುಹಾಕಲು ಹೋದರೆ ಮನುಷ್ಯನನ್ನೇ ತೆಗೆದುಹಾಕುವ ಏರ್ಪಾಡು. ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಇಷ್ಟು ದಿನ ಎಲ್ಲರೂ ಓದುವವರು ಇಲ್ಲವೇ ಕೇಳುವವರು, ಒಂದೇ ಒಂದಾಗಿದ್ದರು.

ಆಗ ಫೋನು ಬಂತು. ನಾದಿನಿ.

"ಅತ್ತಿಗೆ, ಕೆಲಸದಲ್ಲಿದೀರಾ? ಒಂದೇ ನಿಮಿಷ. ಭಾನುವಾರ ಕಾರು ತಗೊಂಡು ಬಂದು ಅಮ್ಮನ್ನ ಕರ್ಕೊಂಡು ಹೋಗೋಣ ಅಂತಿದೀವಿ. ಇನ್ಮೇಲೆ ನಮ್ಮನೇಲೇ ಇರ್ಲಿ. ನೀವಿನ್ನೂ ಚಿಕ್ಕವರು, ನಿಮಗೂ ಒಂದು ಜೀವನ ಇದೆ. ಅಣ್ಣನೇ ಇಲ್ಲದ ಮೇಲೆ ನಿಮ್ಮಿಬ್ಬರಿಗೆ ಏನು... ತಪ್ಪು ತಿಳ್ಕೋಬೇಡಿ ಅತ್ತಿಗೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಒಳ್ಳೆಯದಕ್ಕೇ ಹೇಳುತ್ತಿದ್ದಳು, ದನಿಯಲ್ಲಿ ಕಪಟವಿರಲಿಲ್ಲ. ಅತ್ತಿಗೆ, ಅತ್ತಿಗೆ ಎಂದು ಕರೆಯುತ್ತಲೇ ಆ ಗಂಟನ್ನು ಬಿಚ್ಚುತ್ತಿದ್ದಳು. "ಏನಂದ್ರು?" ಎಂದು ಕೇಳಿದಳು ಅವಳು. ಯಾರು ಎಂದು ಹೇಳಲಿಲ್ಲ.

"ಅಮ್ಮನಾ? ಅವಳೇನಂತಾಳೆ. 'ಅವಳನ್ನ ಕೇಳು' ಅಂದ್ಲು."

"ಸಂಜೆ ಹೇಳ್ತೀನಿ."

ಫೋನಿಟ್ಟ ಮೇಲೆ ಪರದೆ ನೋಡುತ್ತ ಕುಳಿತಳು. ಭಾನುವಾರದ ಸಂಜೆ ಮನೆ ಹೇಗಿರುತ್ತದೆ? ಒಂದು ಲೋಟ ಟೀ. ಬಚ್ಚಲಿನಲ್ಲಿ ಒಂದೇ ಟವೆಲು. ಅತ್ತೆ ರಾತ್ರಿ ಹಾಸಿಗೆಗೆ ಹೋಗುವ ಮುನ್ನ ಎಲ್ಲ ಸ್ವಿಚ್ಚುಗಳನ್ನೂ ಒಂದು ಸಲ ಹಾಕಿ ತೆಗೆದು ನೋಡುವ ಟಕಟಕ ಇರುವುದಿಲ್ಲ. ಅದರಿಂದ ಅವನಿಗೆ ರೇಗುತ್ತಿತ್ತು, ಅವಳಿಗೂ. ಈಗ ಆ ಟಕಟಕ ಮುಗಿಯುವ ತನಕ ತಾನು ಕಣ್ಣು ಮುಚ್ಚುವುದಿಲ್ಲ ಎಂಬುದು ಈ ಕುರ್ಚಿಯ ಮೇಲೆ ಕುಳಿತಾಗ, ಹಗಲಿನಲ್ಲಿ, ಗೊತ್ತಾಯಿತು. ಆದರೆ ಅತ್ತೆಗೆ ಮಗಳ ಮನೆಯೇ ಬೇಕಿರಬಹುದು. 'ನನ್ನ ಜೊತೇಲಿ ಬಂದಿದಾಳೆ' ಎಂದರಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಬಗ್ಗೆಯೂ ಹಾಗೆ ಹೇಳಬಹುದು.

ಪ್ರೋಗ್ರಾಮಿನ ಕೈಪಿಡಿಯನ್ನು ತೆರೆದು ಅಳಿಸುವ ಆಜ್ಞೆಯ ವಿವರಣೆಗೆ ಹೋದಳು. ಎಷ್ಟೋ ಸಲ ಓದಿದ ಪುಟ. ಅದರ ಕೆಳಗೆ, ಕಣ್ಣಿಗೆ ಬೀಳದ ಕಡೆ, ಒಂದು ಆಯ್ಕೆಯಿತ್ತು: ಮಗುವನ್ನು ಅಳಿಸುವಾಗ ತಾಯಿಯನ್ನು ಉಳಿಸಿಕೋ. ಬೇಡ ಎಂಬುದೇ ಅದರ ಮಾಮೂಲು ಸ್ಥಿತಿ. ಉಳಿಸಿಕೊಳ್ಳುವುದು ತನ್ನಷ್ಟಕ್ಕೆ ಆಗುವುದಲ್ಲ, ಹೇಳಬೇಕು. ಹೇಳದಿದ್ದರೆ ಅದು ಉಳಿಸುವುದಿಲ್ಲ. ಅವಳು ಆ ಸಾಲನ್ನು ಇನ್ನೊಮ್ಮೆ ಓದಿ, ಡಿಲೀಟ್ ಗುಂಡಿಯ ಹಿಂದಿನ ಆಜ್ಞೆಗೆ ಅದನ್ನು ಸೇರಿಸಿ, ಸುಳ್ಳು ವ್ಯಕ್ತಿಯನ್ನು ಮತ್ತೆ ಹುಟ್ಟಿಸಿ, ಮತ್ತೆ ಅಳಿಸಿದಳು. ವ್ಯಕ್ತಿ ಉಳಿದರು. ಕೇಳುವವರೂ ಉಳಿದರು. ಧ್ವನಿಮುದ್ರಣಗಳ ದಾಖಲೆಗಳು ಮಾತ್ರ ಹೋಗಿದ್ದವು.

"ಆಯ್ತಾ?" ಎಂದರು ಬಾಗಿಲಲ್ಲಿ ಇಣುಕಿದ ಗ್ರಂಥಪಾಲಕರು.

"ಅರ್ಧ. ಮೇಡಂ ಇದ್ದಾರೆ, ಅವರು ಓದಿದ್ದು ಇಲ್ಲ."

"ಅದು ಹೇಗಮ್ಮಾ? ಓದೋದು ನಿಲ್ಲಿಸಿದ್ರೆ ಓದಿದ್ದೂ ಹೋಗಿಬಿಡತ್ತಾ? ಹಾಗಂದ್ರೆ ನಾನು ರಿಟೈರ್ ಆದ ದಿನ ನೀವೆಲ್ಲ ಇಷ್ಟು ವರ್ಷದ ಪುಸ್ತಕ ಕಪಾಟಿಂದ ಇಳಿಸ್ತೀರಾ?" ಎಂದು, ತಮಾಷೆ ಮಾಡಿದ್ದಕ್ಕೆ ತಾವೇ ಬೆಚ್ಚಿ ಹಿಂದೆ ಸರಿದರು. ಅವಳು ಅವರನ್ನೇ ನೋಡಿದಳು. ಓದಿದ್ದು ಓದುವವರು ಎಂಬ ಚೌಕಕ್ಕೆ ತಗುಲಿತ್ತು. ಅಲ್ಲಿಗೆ ತಗುಲಿಸಿದ್ದೇ ತಪ್ಪು. ಅದು ವ್ಯಕ್ತಿಗೆ ತಗುಲಬೇಕಾದ್ದು. ಮಾಡುವುದನ್ನು ನಿಲ್ಲಿಸಿದರೂ ಮಾಡಿದ್ದು ಮಾಡಿದವರದೇ.

ಊಟ ಮರೆತು ಆ ಗಂಟುಗಳನ್ನೆಲ್ಲ ಬಿಚ್ಚಿ ತಳದ ದಾಖಲೆಗೆ ಕಟ್ಟಿದಳು. ಆಮೇಲೆ ಮೊನ್ನೆ ರಾತ್ರಿಯ ಬ್ಯಾಕಪ್ಪಿನಿಂದ ಮೇಡಂಗೆ ಸೇರಿದ್ದನ್ನು ಮಾತ್ರ ಆರಿಸಿ ತೆಗೆದಳು. ಆತುರಕ್ಕೆ ಧ್ವನಿಮುದ್ರಣಗಳನ್ನೇ ಮೊದಲು ಸೇರಿಸಲು ಹೋದಾಗ ಡೇಟಾಬೇಸು ಒಪ್ಪಲಿಲ್ಲ. ಇವು ಸೇರಬೇಕಾದ ವ್ಯಕ್ತಿ ಇಲ್ಲಿಲ್ಲ ಎಂದಿತು. ಕೌಂಟರಿನ ಹುಡುಗಿಯ ಹಾಗೆ, ಕಣ್ಣೆತ್ತದೆ. ಮೊದಲು ವ್ಯಕ್ತಿ. ಆಮೇಲೆ ಕೇಳುವವರು. ಆಮೇಲೆ ದನಿಗಳು, ಒಂದೊಂದಾಗಿ. ಎಲ್ಲ ಬಂದು ಕುಳಿತ ಮೇಲೆ, ಫೈಲು ಸರಿಯಿದೆಯೇ ನೋಡಲು ಒಂದನ್ನು ತೆರೆದು ಕಿವಿಗೆ ಹೆಡ್‌ಫೋನು ಹಾಕಿದಳು. "ಎಲ್ಲಾರೂ ಎಡಗೈ ಬಿಚ್ಚಿ," ಎಂದರು ಮೇಡಂ. "ಅಂಗೈ ನಿಮ್ಮ ಕಡೆ. ಕಿರುಬೆರಳಿನ ಬುಡದಲ್ಲಿ ಉಗುರಿಂದ ಒಂದು ಚುಕ್ಕೆ ಒತ್ತಿ. ಅಲ್ಲಿಂದ ಹೆಬ್ಬೆರಳಿನ ಬುಡಕ್ಕೆ ಗೆರೆ ಎಳೀರಿ. ಮೆತ್ತಗೆ ಎಳೆದ್ರೆ ಕಚಗುಳಿ ಆಗತ್ತೆ, ಗಟ್ಟಿಯಾಗಿ ಎಳೀರಿ. ಗಣಿತ ಅದು." ಅವಳು ಎಳೆದಳು. ಮೆತ್ತಗೆ ಎಳೆದಿದ್ದಳೇನೋ, ಕಚಗುಳಿ ಆಯಿತು. ಬಾಯಿಂದ ಏನೋ ಹೊರಟಿತು. ಅದು ನಗು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದ ಮನೆಯಲ್ಲಿ ಅಲ್ಲ, ಇಲ್ಲೇ, ಈ ಅಂಗೈಯಲ್ಲಿ.

ಅವಳು ಫೋನು ಮಾಡಿದಾಗ ಮೇಡಂ ಫೋನು ಹಿಡಿದುಕೊಂಡೇ ಯಂತ್ರದ ಗುಂಡಿ ಒತ್ತಿದರು. ಅದು ಅವರ ಹೆಸರು ಹಿಡಿದು ನಮಸ್ಕಾರ ಹೇಳಿದ್ದು ಇವಳಿಗೂ ಕೇಳಿಸಿತು. "ಬಂತು ನೋಡು, ಮರ್ಯಾದೆ ಕಲಿತಿದೆ," ಎಂದರು ಮೇಡಂ.

"ಒಂದು ಮಾತ್ರ ಆಗ್ಲಿಲ್ಲ ಮೇಡಂ. ನೆನ್ನೆ ಬೆಳಿಗ್ಗೆ ಕಾದಂಬರಿ ಎಲ್ಲಿ ನಿಲ್ಲಿಸಿದ್ರೋ ಆ ಗುರುತು ಹೋಗಿದೆ. ಸ್ವಲ್ಪ ಹಿಂದಿನಿಂದ ಶುರುವಾಗತ್ತೆ."

"ಆಗ್ಲಿ ಬಿಡು. ಕಥೇಲಿ ಅವನು ಆಗಿನ್ನೂ ಅವಳ ಜೊತೆ ಜಗಳ ಆಡಿರಲಿಲ್ಲ. ಇನ್ನೊಂದು ಸಲ ಚೆನ್ನಾಗಿರ್ತಾರೆ." ಆಮೇಲೆ, "ಆ ಹುಡುಗಿಗೆ ಫೋನ್ ಮಾಡಿ ಹೇಳ್ತೀನಿ, ತ್ರಿಕೋನ ವಾಪಸ್ ಬಂತು ಅಂತ. ಇಡ್ಲಾ?" ಎಂದರು.

ಸಂಜೆ ಆಸ್ಪತ್ರೆಯ ಕೌಂಟರಿನ ಮುಂದೆ ಅದೇ ಸಾಲು. ಅತ್ತೆ ಬಂದು ಗೋಡೆಯ ಪಕ್ಕದ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಬರುವುದು ಬೇಡ ಎಂದಿದ್ದಳು, ಬಂದಿದ್ದರು. ಹುಡುಗಿ ಹೆಸರು ಒತ್ತಿ ಪರದೆ ನೋಡಿದಳು. "ನೀವು ಬರೀ ಜೊತೆಗೆ ಬಂದವರು ಅಂತಿದೆ. ಹತ್ತಿರದವರಿಗೆ ಮಾತ್ರ ಕೊಡೋದು ಮೇಡಂ."

ಅತ್ತೆ ಏಳಲು ಬೆಂಚಿನ ಅಂಚಿಗೆ ಕೈಯೂರುತ್ತಿರುವುದು ಕಣ್ಣಂಚಿನಲ್ಲಿ ಕಂಡಿತು. ಅವರು ಬಂದು ಮತ್ತೆ ಏನಾದರೂ ಹೇಳಿಬಿಡುತ್ತಾರೆ. ಅದಕ್ಕೆ ಮುಂಚೆ, ಬೇಕಾದ್ದಕ್ಕಿಂತ ಜೋರಾಗಿಯೇ, "ಅತ್ತೆ," ಎಂದಳು.

"ಆಂ?" ಎಂದಳು ಹುಡುಗಿ.

"ಅವರು ನನಗೆ ಅತ್ತೆ ಆಗಬೇಕು. ಬೆಳಿಗ್ಗೆ ತಪ್ಪಾಗಿ ಹಾಕಿದೀರಾ. ತಿದ್ದಿ."

"ಅತ್ತೆ ಅಂದ್ರೆ, ಸೋದರತ್ತೆನಾ, ಗಂಡನ ತಾಯಿನಾ?"

"ನನ್ನತ್ತೆ," ಎಂದಳು. ಅಷ್ಟು ಸಾಕೆನಿಸಿತು. ಹುಡುಗಿ ಮೊದಲ ಸಲ ತಲೆ ಎತ್ತಿ ನೋಡಿ, ಭುಜ ಕುಣಿಸಿ, "ಸರಿ, ಸೊಸೆ ಅಂತ ಹಾಕ್ತೀನಿ," ಎಂದಳು. ಆಗಬೇಕು. ಹುಟ್ಟಿದಾಗಿನಿಂದ ಆಡಿದ ಮಾತು. ಯಾರೂ 'ಏನಾಗಿದ್ದಾರೆ' ಎಂದು ಕೇಳುವುದಿಲ್ಲ, 'ಏನಾಗಬೇಕು' ಎಂದೇ ಕೇಳುತ್ತಾರೆ. ಇನ್ನೂ ಆಗುವುದು ಬಾಕಿಯಿದೆ ಎಂಬ ಹಾಗೆ.

"ಏನು ಹಾಗೆ ಕೂಗ್ತಿದ್ದೆ? ಇಡೀ ಆಸ್ಪತ್ರೆಗೆ ಕೇಳಿಸ್ತು," ಎಂದರು ಅತ್ತೆ, ಹೊರಗೆ ಬಂದ ಮೇಲೆ. "ಏನಂತೆ ರಿಪೋರ್ಟು?"

"ಸಕ್ಕರೆ ಸ್ವಲ್ಪ ಜಾಸ್ತಿ ಇದೆ. ಬೇರೆ ಎಲ್ಲ ಸರಿ."

"ಅಷ್ಟೇನಾ." ನಾಲ್ಕು ಹೆಜ್ಜೆ ನಡೆದು, ರಸ್ತೆಯ ಕಡೆ ನೋಡುತ್ತ ಹೇಳಿದರು: "ಬೆಳಿಗ್ಗೆ ನೀನು ಸುಮ್ನೆ ನಿಂತುಬಿಟ್ಟೆ. ನಾನೇ ಸೊಸೆ ಅಂದುಬಿಟ್ರೆ ಹಗ್ಗ ಹಾಕಿ ಎಳೆದ ಹಾಗಾಗತ್ತೆ ಅನ್ನಿಸ್ತು. ಅದಕ್ಕೆ ಹಾಗಂದೆ."

ಅವಳು ಬಸ್ ನಿಲ್ದಾಣದಲ್ಲಿ ನಿಂತು ನಾದಿನಿಗೆ ಫೋನು ಮಾಡಿದಳು. "ಭಾನುವಾರ ಎಲ್ಲಾರೂ ಊಟಕ್ಕೆ ಬನ್ನಿ. ವಾಪಸ್ ಹೋಗುವಾಗ ಕಾರಲ್ಲಿ ಜಾಗ ಇಟ್ಕೊಳ್ಳೋದೇನೂ ಬೇಡ. ಹೌದು, ಕೇಳಿದೆ. ಇಲ್ಲ, ಇನ್ನೂ ಕೇಳಿಲ್ಲ, ಇಲ್ಲೇ ಇದಾರೆ, ತಾಳು." ಫೋನನ್ನು ಅಂಗೈಯಿಂದ ಮುಚ್ಚಿ ತಿರುಗಿದಳು. ಅತ್ತೆ ಬರುವ ಬಸ್ಸಿನ ನಂಬರನ್ನು ಬಹಳ ಗಮನವಿಟ್ಟು ಓದುತ್ತಿದ್ದರು.

"ನನ್ನನ್ನೇನು ಕೇಳೋದು," ಎಂದರು. "ಅವಳ ಮನೇಲಿ ಸ್ವಿಚ್ಚುಗಳೆಲ್ಲ ಎಲ್ಲೆಲ್ಲಿವೆ ಅಂತ ನನಗೆ ಗೊತ್ತಾಗಲ್ಲ."

ಬಸ್ಸು ಬಂತು. ಜನ ಹಿಂದಿನಿಂದ ಒತ್ತಿದರು. "ಅತ್ತೆ, ಮೆಟ್ಟಿಲು ಎತ್ತರ ಇದೆ, ಕೈ ಕೊಡಿ," ಎಂದಳು ಅವಳು. ಅತ್ತೆ ಕೈ ಕೊಡಲಿಲ್ಲ. ಒಂದು ಕ್ಷಣ ಅವಳ ಮುಖವನ್ನೇ ನೋಡಿ, ಕೈಯಲ್ಲಿದ್ದ ಚೀಲವನ್ನು ಅವಳ ಕೈಗೆ ತುರುಕಿ, ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ತಳ್ಳಿದರು.

"ಏ ಹುಡುಗಿ, ನನ್ನ ಕೈ ಆಮೇಲೆ ಹಿಡಿಯುವೆಯಂತೆ. ಮೊದಲು ಹತ್ತಿ ಸೀಟು ಹಿಡಿ. ಇಬ್ಬರಿಗೆ!"